ನಾಲ್ಕು ಚಪ್ಪಾಳೆಯ ಸಾಲು

ಮಾರ್ಚ್ 3, ಸೋಮವಾರ

ಇವತ್ತು ಒಬ್ಬರು ನನ್ನನ್ನು ‘ಕವಿಗಳೇ’ ಎಂದು ಕರೆದರು. ತಮಾಷೆಗಲ್ಲ. ಎದುರಿಗೆ ಕೂರಿಸಿಕೊಂಡು, ಫ್ಯಾನನ್ನು ನನ್ನ ಕಡೆ ತಿರುಗಿಸಿ, ಟೀ ತರಿಸಿಕೊಟ್ಟು ಕರೆದರು.

ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು. ಮದುವೆ ಕಾಗದಕ್ಕೆ ನಾಲ್ಕು ಸಾಲು, ತೀರಿಕೊಂಡವರ ಫೋಟೋದ ಕೆಳಗೆ ಎರಡು ಸಾಲು, ಹೊಸ ಅಂಗಡಿಗೆ ಒಂದು ಸಾಲು, ಕೇಳಿದವರಿಗೆಲ್ಲ ಬರೆದುಕೊಟ್ಟೆ. ಯಾವುದರಲ್ಲೂ ನನ್ನ ಹೆಸರಿರಲಿಲ್ಲ. ಅಚ್ಚುಕೂಟ ಮುಚ್ಚಿ ಎರಡು ವರ್ಷವಾಯಿತು. ಬೀದಿಯವರು ನನಗೆ ‘ಪ್ರಾಸಪ್ಪ’ ಎಂದು ಹೆಸರಿಟ್ಟಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ನಾನೂ ಸುಮ್ಮನಿದ್ದೆ.

ಕರೆದವರು ಪಕ್ಷದ ವಾರ್ಡ್ ಕಾರ್ಯದರ್ಶಿ. ಬೆಟ್ಟದ ತುದಿಯಲ್ಲಿ ದೇವರ ಹೆಸರಿನಲ್ಲಿ ನೂರಡಿ ಎತ್ತರದ ದೀಪಸ್ತಂಭ ನಿಲ್ಲಿಸುತ್ತಾರಂತೆ. ಇಪ್ಪತ್ತನಾಲ್ಕನೇ ತಾರೀಕು ಮುಖಂಡರೇ ಮೆರವಣಿಗೆಯಲ್ಲಿ ಬಂದು ಮೊದಲ ಕಲ್ಲು ಇಡುತ್ತಾರೆ. ಅದಾದ ಮೇಲೆ ಚುನಾವಣೆ. “ಒಂದು ಘೋಷಣೆ ಬೇಕು ಕವಿಗಳೇ. ಜನರ ಬಾಯಲ್ಲಿ ಕೂತುಬಿಡಬೇಕು. ನೀವಲ್ಲದೆ ಇನ್ಯಾರು ಬರೀತಾರೆ ಹೇಳಿ” ಎಂದರು. ಸಂಬಳದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದೇವರ ಕೆಲಸದಲ್ಲಿ ಚೌಕಾಸಿ ಮಾಡುವವನು ನಾನಲ್ಲ.

ಪಕ್ಷದ ಕಚೇರಿ ನಮ್ಮ ಬೀದಿಯ ಕೊನೆಯಲ್ಲೇ ಇದೆ, ಹೋದ ವಾರದವರೆಗೆ ರೇಷನ್ ಅಂಗಡಿ ಇದ್ದ ಕೋಣೆಯಲ್ಲಿ. ಅಂಗಡಿಯನ್ನು ಸದ್ಯಕ್ಕೆ ರೈಲ್ವೆ ಗೇಟಿನ ಆಚೆ ಸಾಗಿಸಿದ್ದಾರೆ. ಗೋಡೆಗೆ ಹೊಸ ಸುಣ್ಣ ಬಿದ್ದಿದ್ದರೂ ಗೋಣಿಚೀಲದ ವಾಸನೆ, ಸೀಮೆಎಣ್ಣೆಯ ವಾಸನೆ ಹೋಗಿಲ್ಲ. ತಕ್ಕಡಿ ಇಡುತ್ತಿದ್ದ ಕಲ್ಲಿನ ಕಟ್ಟೆಯೇ ಈಗ ನನ್ನ ಮೇಜು. ತಣ್ಣಗಿದೆ. ಬರೆಯುವವನಿಗೆ ಇನ್ನೇನು ಬೇಕು!

ಮಾರ್ಚ್ 4, ಮಂಗಳವಾರ

ಘೋಷಣೆ ಬರೆಯುವುದು ಪದ್ಯ ಬರೆದಷ್ಟು ಸುಲಭವಲ್ಲ. ಪದ್ಯವನ್ನು ಜನ ಕೂತು ಓದುತ್ತಾರೆ, ಘೋಷಣೆಯನ್ನು ನಡೆಯುತ್ತಾ ಕೂಗುತ್ತಾರೆ. ಸಾಲಿಗೆ ನಾಲ್ಕೇ ಚಪ್ಪಾಳೆ ಬೀಳಬೇಕು. ಮೂರಾದರೆ ಬಾಯಿ ತುಂಬುವುದಿಲ್ಲ. ಐದಾದರೆ ಮುಂದಿನವರು ಮುಗಿಸುವಾಗ ಹಿಂದಿನವರು ಇನ್ನೂ ಗೊಣಗುತ್ತಿರುತ್ತಾರೆ. ಬೆಳಿಗ್ಗೆಯಿಂದ ಚಪ್ಪಾಳೆ ತಟ್ಟುತ್ತಾ ಕೋಣೆಯೊಳಗೆ ಸುತ್ತು ಹಾಕಿದೆ. ಹೊರಗೆ ನಿಂತವರು ಸೊಳ್ಳೆ ಹೊಡೆಯುತ್ತಿದ್ದೇನೆ ಎಂದುಕೊಂಡರಂತೆ.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು:

ಬೆಟ್ಟದ ಮೇಲೆ ದೀಪ ಇಡೋಣ,
ಮನೆ ಮನೆಗೂ ಬೆಳಕು ಕೊಡೋಣ!

ಮನೆಗೆ ಓಡಿ ನನ್ನವಳ ಮುಂದೆ ಕೂಗಿ ತೋರಿಸಿದೆ. ಅವಳು ಶರಟುಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಬಟ್ಟೆ ಕಾರ್ಖಾನೆಯವರು ಮೂಟೆ ಕೊಟ್ಟು ಹೋಗುತ್ತಾರೆ, ಇವಳು ಮನೆಯಲ್ಲೇ ಗುಂಡಿ ಹಾಕಿ ಕೊಡುತ್ತಾಳೆ. ಸದ್ಯ ಮನೆ ನಡೆಯುತ್ತಿರುವುದು ಅದರಿಂದಲೇ. ಬಾಯಲ್ಲಿದ್ದ ದಾರ ಕಡಿದು, “ಚೆನ್ನಾಗಿದೆ ರೀ, ಕಾಲು ತಾನಾಗೇ ಕುಣಿಯುತ್ತೆ” ಎಂದಳು. ಆಮೇಲೆ, “ಅಂಗಡಿ ಯಾವಾಗ ವಾಪಸ್ ಬರುತ್ತಂತೆ, ಕೇಳಿದ್ರಾ?” ಎಂದಳು.

ಕೇಳಲು ಮರೆತೇಬಿಟ್ಟಿದ್ದೆ.

ಮಾರ್ಚ್ 7, ಶುಕ್ರವಾರ

ಜೀವನ ಸಾರ್ಥಕ. ಮೂರು ದಿನದಿಂದ ಆಟೋದ ಮೈಕಿನಲ್ಲಿ ನನ್ನ ಸಾಲು ಊರು ಸುತ್ತುತ್ತಿದೆ. ಶಾಲೆಯ ಮಕ್ಕಳು ಅದನ್ನೇ ಹೇಳಿಕೊಂಡು ಹಗ್ಗ ಜಿಗಿಯುತ್ತಾರೆ. ಕ್ಷೌರದಂಗಡಿಯವನು ಕತ್ತರಿಯಲ್ಲಿ ಅದೇ ತಾಳ ಹಿಡಿದಿದ್ದ. ನನ್ನ ಕಿವಿಯ ಹತ್ತಿರ ಬಂದಾಗ ಮಾತ್ರ ಸ್ವಲ್ಪ ನಿಧಾನಿಸು ಮಾರಾಯಾ ಎಂದೆ.

ಮೂಲೆಯಲ್ಲಿ ಇಸ್ತ್ರಿ ಮೇಜು ಇಟ್ಟುಕೊಂಡಿರುವ ಅಕ್ಕ ಮಾತ್ರ ಮೂಗು ಮುರಿದಳು. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಎಣ್ಣೆ ತರೋಕೆ ಗೇಟ್ ದಾಟಿ ಹೋಗಿ ಬರೋ ಅಷ್ಟರಲ್ಲಿ ಅರ್ಧ ದಿನ ಹೋಯ್ತು ನಂದು. ಅಷ್ಟೊತ್ತೂ ಇಸ್ತ್ರಿ ಪೆಟ್ಟಿಗೆ ತಣ್ಣಗೆ ಕೂತಿತ್ತು ಪ್ರಾಸಪ್ಪ” ಎಂದಳು. ಅವಳ ಮಾತು ಯಾವಾಗಲೂ ಖಾರ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಯಲ್ಲಿ ಟೀಗೆ ಸಕ್ಕರೆ ಹಾಕುವುದು ನಿಂತಿದೆ. ಈ ವಯಸ್ಸಿನಲ್ಲಿ ಸಕ್ಕರೆ ಒಳ್ಳೆಯದಲ್ಲ ಎಂದಳು. ನನ್ನ ಆರೋಗ್ಯದ ಮೇಲೆ ಅವಳಿಗಿರುವ ಕಾಳಜಿ ದೊಡ್ಡದು.

ಮಾರ್ಚ್ 11, ಮಂಗಳವಾರ

ಕಚೇರಿಯ ನೆಲದ ಬಿರುಕಿನಲ್ಲಿ ಅಕ್ಕಿಕಾಳು ಸಿಕ್ಕಿಕೊಂಡಿವೆ. ಪ್ರಾಸ ಹೊಳೆಯದಿದ್ದಾಗ ಪಿನ್ನಿನಿಂದ ಒಂದೊಂದೇ ಎಬ್ಬಿಸುತ್ತಾ ಕೂರುತ್ತೇನೆ. ಇವತ್ತು ಒಂದು ಹಿಡಿಯಷ್ಟಾಯಿತು. ಎಸೆಯಲು ಮನಸ್ಸು ಬರಲಿಲ್ಲ. ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡೆ.

ಕೊನೆಗೂ ನೆನಪಿಟ್ಟುಕೊಂಡು ಕಾರ್ಯದರ್ಶಿಯನ್ನು ಅಂಗಡಿಯ ವಿಷಯ ಕೇಳಿದೆ. ಅಂಗಡಿ ಸಾಗಿಸುವಾಗ ಬೀದಿಯವರಿಗೆ ‘ಎರಡು ತಿಂಗಳು’ ಎಂದಿದ್ದವರು ಇವತ್ತು ‘ನೋಡೋಣ’ ಎಂದರು. ದೀಪಸ್ತಂಭ ಮುಗಿಯುವವರೆಗೆ ದೇಣಿಗೆ ಕೂಡಿಸಲು ಈ ಕೋಣೆಯೇ ಬೇಕಂತೆ. ಹಾಗಾದರೆ ಎಣ್ಣೆ ಅಕ್ಕಿಯ ಬಗ್ಗೆಯೂ ಒಂದು ಘೋಷಣೆ ಬರೆಯಲೇ ಎಂದೆ. ಅವರು ನಕ್ಕು ನನ್ನ ಹೆಗಲ ಮೇಲೆ ಕೈ ಇಟ್ಟರು. “ಹಸಿವಿಗೆಲ್ಲ ಪ್ರಾಸ ಹುಡುಕಬೇಡಿ ಕವಿಗಳೇ. ಜನಕ್ಕೆ ಬೇಜಾರಾಗುತ್ತೆ. ದೇವರು ಅಂದ್ರೆ ಮೈ ಜುಮ್ಮನ್ನುತ್ತೆ, ಅಡುಗೆ ಎಣ್ಣೆ ಅಂದ್ರೆ ಏನನ್ನುತ್ತೆ ಹೇಳಿ?”

ಒಂದು ದೃಷ್ಟಿಯಲ್ಲಿ ಅವರು ಹೇಳುವುದು ಸರಿಯೇ. ಎಣ್ಣೆಗೆ ಒಳ್ಳೆಯ ಪ್ರಾಸ ಇಲ್ಲ. ಬೆಣ್ಣೆ ಇದೆ, ಅದು ಇನ್ನೂ ತುಟ್ಟಿ.

ಮಾರ್ಚ್ 15, ಶನಿವಾರ

ನನ್ನವಳ ಮೊಣಕಾಲು ಊದಿಕೊಂಡಿದೆ. ಈ ತಿಂಗಳು ಎರಡು ಸಲ ಗೇಟಿನ ಆಚೆ ಹೋಗಿದ್ದಳಂತೆ. ಒಂದು ಸಲ ಅಂಗಡಿ ತೆರೆದಿರಲಿಲ್ಲ, ಇನ್ನೊಂದು ಸಲ ಸಾಲು ಮುಗಿಯುವ ಮೊದಲೇ ಬಾಗಿಲು ಹಾಕಿದರಂತೆ. ನನಗೆ ಹೇಳಲೇ ಇಲ್ಲ. “ನೀವು ಬರವಣಿಗೇಲಿ ಇದ್ರಿ” ಎಂದಳು. ಇವತ್ತು ಡಬ್ಬ ಹಿಡಿದುಕೊಂಡು ನಾನೂ ಅವಳ ಜೊತೆ ಹೊರಟೆ.

ಅಷ್ಟು ದೂರ ಎಂದು ನನಗೆ ಗೊತ್ತಿರಲಿಲ್ಲ. ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಮುಗಿಯುವಂತೆಯೇ ಕಾಣಲಿಲ್ಲ. ಅವಳು ಒಂದು ಕಾಲಿನ ಮೇಲೆ ಭಾರ ಬಿಟ್ಟು ಕಂಬಕ್ಕೆ ಒರಗಿ ನಿಂತಳು. ನಾನು ಬೋಗಿಗಳನ್ನು ಎಣಿಸಿದೆ. ದಾಟಿ ಹೋಗುವಷ್ಟರಲ್ಲಿ ಸಾಲು ಅಂಗಡಿಯಿಂದ ಸೈಕಲ್ ರಿಪೇರಿಯವನ ಬಾಗಿಲವರೆಗೆ ಬಂದಿತ್ತು. ಗೇಟಿನ ಆಚೆಯವರು ಪುಣ್ಯವಂತರು. ಒಲೆ ಮೇಲೆ ನೀರಿಟ್ಟು ಬಂದು ಸಾಲಿನಲ್ಲಿ ನಿಲ್ಲುತ್ತಾರೆ, ಕುದಿಯುವಷ್ಟರಲ್ಲಿ ಮನೆಗೆ ಹೋಗಿರುತ್ತಾರೆ.

ಆದರೆ ಒಂದು ಸಂತೋಷದ ಸಂಗತಿ ಬರೆದಿಡಬೇಕು. ಬಿಸಿಲಿನಲ್ಲಿ ಹೊತ್ತು ಹೋಗದೆ ಸಾಲಿನಲ್ಲಿದ್ದ ಯಾರೋ ನನ್ನ ಘೋಷಣೆ ಶುರು ಮಾಡಿದರು. ಡಬ್ಬದ ಮೇಲೆ ತಾಳ ಹಾಕುತ್ತಾ ಎಲ್ಲರೂ ಸೇರಿಕೊಂಡರು. ‘ಮನೆ ಮನೆಗೂ ಬೆಳಕು ಕೊಡೋಣ’ ಎನ್ನುವಾಗ ಖಾಲಿ ಡಬ್ಬಗಳ ಸದ್ದು ಬಹಳ ಚೆನ್ನಾಗಿ ಕೂಡಿಕೊಂಡಿತು. ತುಂಬಿದ ಡಬ್ಬವಾಗಿದ್ದರೆ ಆ ನಾದ ಬರುತ್ತಿರಲಿಲ್ಲ. ಇದನ್ನು ಬರೆದವನು ನಾನೇ ಎಂದು ಮುಂದಿನವರಿಗೆ ಹೇಳಲು ಹೊರಟಿದ್ದೆ. ನನ್ನವಳು ತೋಳು ಚಿವುಟಿದಳು.

ನಮ್ಮ ಮುಂದೆ ಇನ್ನು ನಾಲ್ಕೇ ಜನ ಎನ್ನುವಾಗ ಎಣ್ಣೆ ಮುಗಿಯಿತು. ಅಕ್ಕಿ ಸಿಕ್ಕಿತು. ತೂಗುವವನು ನಮ್ಮ ಬೀದಿಯಲ್ಲಿದ್ದವನೇ. ತಲೆ ಎತ್ತಿ ನೋಡಲಿಲ್ಲ. “ಬರೋದೇ ಅರ್ಧ ಯಜಮಾನ್ರೇ, ಎರಡು ಬೀದಿಗೂ ಎಲ್ಲಿಂದ ತರ್ಲಿ” ಎಂದ.

ವಾಪಸ್ ಬರುವಾಗ ಅಕ್ಕಿ ಚೀಲ ನಾನೇ ಹೊತ್ತೆ. ಮನೆ ಸೇರಿದ ಮೇಲೆ ಕಾಲಿಗೆ ಬಿಸಿನೀರಿನ ಬಟ್ಟೆ ಹಾಕಿದೆ. “ನಿಮ್ಮ ಹಾಡಿಗೆ ಒಂದೂವರೆ ಗಂಟೆ ಹೇಗೋ ಕಳೆದುಹೋಯ್ತು ನೋಡಿ” ಎಂದಳು. ಹೊಗಳಿದಳು ಎಂದುಕೊಂಡಿದ್ದೇನೆ.

ಮಾರ್ಚ್ 17, ಸೋಮವಾರ

ಹೊಸ ಘೋಷಣೆ ಹೊಳೆಯಲಿಲ್ಲ. ಕಟ್ಟೆಯ ಮುಂದೆ ಕೂತರೆ ಎದುರಿಗೆ ಯಾರೋ ಡಬ್ಬ ಹಿಡಿದು ನಿಂತಂತೆ ಆಗುತ್ತದೆ. ಬಿಸಿಲಿನಲ್ಲಿ ನಿಂತಿದ್ದರ ಪರಿಣಾಮ ಇರಬೇಕು.

ನನ್ನವಳಿಗೆ ಸುಮಾರು ದಿನದಿಂದ ಸಂಜೆ ಹೊತ್ತು ಹಸಿವೇ ಆಗುವುದಿಲ್ಲ. ವಯಸ್ಸಾದ ಮೇಲೆ ಹಾಗೇ ಎನ್ನುತ್ತಾಳೆ. ಇವತ್ತು ನನಗೂ ಅಷ್ಟು ಹಸಿವಿಲ್ಲ ಎಂದು ಹೇಳಿ ನನ್ನ ತಟ್ಟೆಯನ್ನು ಅವಳ ಕಡೆ ತಳ್ಳಿದೆ. ಒರೆಸಿಟ್ಟ ಹಾಗೆ ತಿಂದಳು.

ಮಾರ್ಚ್ 20, ಗುರುವಾರ

ಇವತ್ತಿನದು ಬರೆಯಲೋ ಬೇಡವೋ ಎಂದು ಯೋಚಿಸಿದೆ. ನನ್ನದೇ ಪುಸ್ತಕ, ಬರೆಯುತ್ತೇನೆ.

ಮಧ್ಯಾಹ್ನ ಮನೆಗೆ ಬಂದರೆ ಬೀದಿಯ ಹೆಂಗಸರೆಲ್ಲ ಇಸ್ತ್ರಿ ಅಕ್ಕನ ಮೇಜಿನ ಸುತ್ತ ಸೇರಿದ್ದರು. ನನ್ನವಳೂ ಊದಿದ ಕಾಲು ಚಾಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಮುಖಂಡರು ಬರುವ ದಿನ ಅಂಗಡಿ ವಾಪಸ್ ಕೊಡಿ ಎಂದು ಕೇಳುವುದಂತೆ. ಅರ್ಜಿ ಕೊಟ್ಟರೆ ಜೇಬಿಗೆ ಹೋಗುತ್ತದೆ, ಕೂಗಿದರೆ ಕಿವಿಗಾದರೂ ಹೋಗುತ್ತದೆ ಎಂದು ಅಕ್ಕನ ವಾದ. ಅದಕ್ಕೆ ಅಭ್ಯಾಸ ನಡೆಯುತ್ತಿತ್ತು:

ಬೆಟ್ಟದ ಮೇಲೆ ದೀಪ ಇಟ್ರಿ,
ನಮ್ಮ ಬೀದಿಯ ರೇಷನ್ ಅಂಗಡಿ ತಗೊಂಡೋಗಿ ಎಲ್ಲಿಟ್ರಿ?

ಮೊದಲ ಸಾಲು ನನ್ನದನ್ನೇ ತಿರುಚಿದ್ದು. ಅದಕ್ಕೆ ಬೇಜಾರಿಲ್ಲ. ಎರಡನೆಯ ಸಾಲು ಮಾತ್ರ ನನಗೆ ಹಲ್ಲಿನಲ್ಲಿ ಕಲ್ಲು ಸಿಕ್ಕಂತಾಯಿತು. ಆರು ಚಪ್ಪಾಳೆ ಬೇಡುತ್ತಿತ್ತು. ಅರ್ಧ ಜನ ‘ಅಂಗಡಿ’ಯಲ್ಲಿದ್ದರೆ ಇನ್ನರ್ಧ ಜನ ‘ಎಲ್ಲಿಟ್ರಿ’ಯಲ್ಲಿದ್ದರು. ಒಬ್ಬಳಿಗೆ ಕೆಮ್ಮು ಬಂತು. ನಾನು ಪಕ್ಷದ ಮನುಷ್ಯ, ಕಂಡೂ ಕಾಣದಂತೆ ಒಳಗೆ ಹೋಗಬೇಕಿತ್ತು. ಹೋದೆ. ಒಳಗೂ ಕೇಳಿಸುತ್ತಿತ್ತು. ಮತ್ತೆ ಆರು. ಮತ್ತೆ ಆರು. ಮೂವತ್ತೊಂದು ವರ್ಷ ತಪ್ಪು ತಿದ್ದಿದ ಕೈ ಎಷ್ಟು ಹೊತ್ತು ಸುಮ್ಮನಿದ್ದೀತು?

ಹೊರಗೆ ಬಂದು ಹೇಳಿಬಿಟ್ಟೆ. “ರೇಷನ್ ಬೇಡ, ಅಂಗಡಿ ಅಂದ್ರೆ ಸಾಕು, ಎಲ್ಲರಿಗೂ ಗೊತ್ತು. ನಮ್ಮ, ತಗೊಂಡೋಗಿ ಅನ್ನೋದೂ ಬೇಡ. ಎಲ್ಲಿಟ್ರಿ ಅನ್ನೋದನ್ನ ಬಿಡಿಸಿ ಹೇಳಿ. ಕೈ ತಟ್ಟಿ.”

ಬೆಟ್ಟದ ಮೇಲೆ ದೀಪ ಇಟ್ರಿ,
ಬೀದಿಯ ಅಂಗಡಿ ಎಲ್ಲಿ ಇಟ್ರಿ?

ಎರಡೇ ಸಲಕ್ಕೆ ಕೂತಿತು. ಮೊದಲಕ್ಷರವೂ ಜೋಡಿಯಾಯಿತು, ಕೊನೆಯೂ ಜೋಡಿಯಾಯಿತು. ನೋಡುತ್ತಾ ನೋಡುತ್ತಾ ಅಕ್ಕನ ಕಣ್ಣು ದೊಡ್ಡದಾಯಿತು. “ಅಲ್ಲಾ ಪ್ರಾಸಪ್ಪ, ನೀನು ಯಾರ ಕಡೆ?” ಎಂದಳು.

ತಾಳದ ಕಡೆ ಎಂದೆ. ಅದು ನಿಜ. ನನಗೆ ಬೇರೆ ಉದ್ದೇಶ ಇರಲಿಲ್ಲ.

ಮಾರ್ಚ್ 24, ಸೋಮವಾರ

ಮೆರವಣಿಗೆ ಮುಗಿದು ಈಗಷ್ಟೇ ಬಂದೆ. ಒಳಗೊಳಗೆ ಖುಷಿಯಾಗಿದೆ. ಇದನ್ನು ಯಾರಿಗೂ ಹೇಳುವಂತಿಲ್ಲ.

ಸಾವಿರ ಜನ ಇದ್ದರು. ಮುಖಂಡರು ತೆರೆದ ಜೀಪಿನಲ್ಲಿ ಕೈ ಮುಗಿದು ನಿಂತಿದ್ದರು. ನಾನು ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಯ ಪಕ್ಕ ನಡೆಯುತ್ತಿದ್ದೆ. ಮೈಕು ಒಂದು ಸಾಲು ಹೇಳುವುದು, ಜನ ಇನ್ನೊಂದು ಸಾಲು ಹೇಳುವುದು. ಸಾವಿರ ಜೊತೆ ಕಾಲು ನನ್ನ ಲೆಕ್ಕಕ್ಕೆ ಏಳುತ್ತಿತ್ತು, ಬೀಳುತ್ತಿತ್ತು. ಯಾವ ಮಹಾರಾಜನಿಗೂ ಇಂಥ ಭಾಗ್ಯ ಇದ್ದಿರಲಿಕ್ಕಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಹೆಂಗಸರು ಖಾಲಿ ಡಬ್ಬ ಹಿಡಿದು ನಿಂತಿದ್ದರು. ಮೈಕು ‘ಬೆಟ್ಟದ ಮೇಲೆ ದೀಪ ಇಡೋಣ’ ಎಂದಿತು. ಜನ ಬಾಯಿ ತೆರೆಯುವ ಮೊದಲೇ ಇವರು ‘ಬೀದಿಯ ಅಂಗಡಿ ಎಲ್ಲಿ ಇಟ್ರಿ?’ ಎಂದರು. ಸರಿಯಾಗಿ ನಾಲ್ಕು. ಒಂದಿಷ್ಟೂ ಆಚೀಚೆ ಇಲ್ಲ. ಮೈಕಿನವನು ತಬ್ಬಿಬ್ಬಾಗಿ ಮತ್ತೆ ಅದನ್ನೇ ಹೇಳಿದ, ಇವರು ಮತ್ತೆ ಇದನ್ನೇ ಹೇಳಿದರು. ಮೂರನೇ ಸಲಕ್ಕೆ ಮೆರವಣಿಗೆಯವರ ಬಾಯಿಯೇ ಅತ್ತ ಜಾರಿತು. ಕಾಲು ಒಂದೇ ಲೆಕ್ಕದಲ್ಲಿ ಬೀಳುತ್ತಿರುವಾಗ ಬಾಯಿ ಯಾವ ಮಾತು ಹಿಡಿದರೂ ನಡೆಯುತ್ತದೆ. ಬಾವುಟ ಹಿಡಿದವರು, ದೀಪದ ಚಿತ್ರ ಹೊತ್ತವರು, ಕಾರ್ಯದರ್ಶಿಯ ಸ್ವಂತ ಭಾವಮೈದುನ, ಎಲ್ಲರೂ ಕೂಗುತ್ತಿದ್ದರು. ಅವರ ಮನೆಯ ರೇಷನ್ ಕಾರ್ಡೂ ಅದೇ ಅಂಗಡಿಯದಲ್ಲವೇ? ಒಂದಿಷ್ಟು ದೂರ ಹೋದ ಮೇಲೆ ಅವರಿಗೆ ತಾವು ಏನು ಹೇಳುತ್ತಿದ್ದೇವೆ ಎಂದು ಗೊತ್ತಾಗಿರಬೇಕು. ಆದರೂ ನಿಲ್ಲಿಸಲಿಲ್ಲ. ಇನ್ನೂ ಜೋರು ಮಾಡಿದರು.

ನನ್ನವಳು ಸ್ಟೂಲಿನ ಮೇಲೆ ಕೂತುಕೊಂಡೇ ಡಬ್ಬ ಬಡಿಯುತ್ತಿದ್ದಳು. ಮದುವೆಯಾಗಿ ಮೂವತ್ನಾಲ್ಕು ವರ್ಷವಾಯಿತು, ಅವಳಿಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಜೀಪು ನಿಂತಿತು. “ಯಾವ ಅಂಗಡಿ?” ಎಂದು ಮುಖಂಡರು ಬಗ್ಗಿ ಕಾರ್ಯದರ್ಶಿಯನ್ನು ಕೇಳಿದರು. ಅವರು ಏನೋ ಗುಸುಗುಸು ಹೇಳಿದರು. ಮುಖಂಡರು ಪಳಗಿದ ಮನುಷ್ಯ. ಮೈಕು ತೆಗೆದುಕೊಂಡು, “ತಾಯಂದಿರೇ, ದೇವರ ಸಾಕ್ಷಿಯಾಗಿ ಹೇಳ್ತೀನಿ, ಎಂಟು ದಿನದಲ್ಲಿ ನಿಮ್ಮ ಅಂಗಡಿ ನಿಮ್ಮ ಬೀದೀಲಿ ಇರುತ್ತೆ!” ಎಂದರು. ಮೊದಲ ಕಲ್ಲಿಗೂ ಅಷ್ಟು ಚಪ್ಪಾಳೆ ಬೀಳಲಿಲ್ಲ.

ಮಾರ್ಚ್ 25, ಮಂಗಳವಾರ

ನಾನು ಮೂರ್ಖನೋ ಬುದ್ಧಿವಂತನೋ ಇನ್ನೂ ತೀರ್ಮಾನವಾಗಿಲ್ಲ.

ಬೆಳಿಗ್ಗೆ ಕಾರ್ಯದರ್ಶಿ ಮನೆಗೇ ಬಂದರು. ಮೊದಲು ಸಿಹಿ ಮಾತು. ಮುಂದಿನ ತಿಂಗಳಿಂದ ಜಿಲ್ಲೆಗೆಲ್ಲ ನಾನೇ ಬರೆಯಬೇಕಂತೆ, ಸಂಬಳವೂ ಉಂಟಂತೆ, ಕೆಳಗೆ ಹೆಸರೂ ಹಾಕುತ್ತಾರಂತೆ. ಹೆಸರು! ಆಮೇಲೆ ದನಿ ತಗ್ಗಿಸಿದರು. “ಕವಿಗಳೇ, ಆ ಅಂಗಡಿ ಸಾಲು ಬರೆದವರು ಯಾರು? ಈ ಹೆಂಗಸರ ಕೈಲಿ ಆಗೋ ಕೆಲಸ ಅಲ್ಲ ಅದು. ವಿರೋಧ ಪಕ್ಷದವರು ಹೊರಗಿಂದ ಯಾರನ್ನೋ ಕರೆಸಿದ್ದಾರೆ. ಆ ಅಳತೆ ನೋಡಿ! ನಮ್ಮ ಸಾಲಿನ ಪಕ್ಕಕ್ಕೆ ತಂದು ಮೊಳೆ ಹೊಡೆದ ಹಾಗಿದೆ. ಭಾರೀ ದೊಡ್ಡ ಕವೀನೇ ಇರಬೇಕು.”

ನನಗೆ ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡಂತಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಒಳಗಿನಿಂದ ನನ್ನವಳು ನನ್ನನ್ನು ಕಾಪಾಡಲು ಬಂದಳು. “ಇವರಿಗೆ ಅಂಥದ್ದೆಲ್ಲ ಎಲ್ಲಿ ಬರುತ್ತೆ ಸಾರ್? ಇವರನ್ನ ಕೇಳಿದ್ರೆ ಏನು ಪ್ರಯೋಜನ” ಎಂದಳು.

“ಅದೂ ನಿಜಾನೇ. ಅದರ ಮಟ್ಟವೇ ಬೇರೆ” ಎಂದರು ಕಾರ್ಯದರ್ಶಿ.

“ನಾನೇ ಬರೆದದ್ದು” ಎಂದೆ.

ಹೇಳಿದ ಮೇಲೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮೊದಲು ಆರು ಚಪ್ಪಾಳೆ ಇತ್ತು, ಮೂರು ಮಾತು ತೆಗೆದೆ, ಒಂದನ್ನು ಬಿಡಿಸಿದೆ, ಮೊದಲಕ್ಷರ ಹೇಗೆ ಜೋಡಿಸಿದೆ ಎಂದು ಕೈ ತಟ್ಟಿ ತೋರಿಸಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡರು. “ನಾಳೆಯಿಂದ ಕಚೇರಿ ಕಡೆ ಬರೋದು ಬೇಡ ಪ್ರಾಸಪ್ಪ” ಎಂದರು.

ಅವರು ಹೋದ ಮೇಲೆ ನನ್ನವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಸೆರಗು ಬಾಯಿಗೆ ಹಿಡಿದು ನಗಲು ಶುರು ಮಾಡಿದಳು. ನಕ್ಕು ನಕ್ಕು ನೆಲದ ಮೇಲೆ ಕೂತಳು. “ಸಂಬಳ ಬಂದು ಬಾಗಿಲು ತಟ್ಟಿತ್ತಲ್ಲ ರೀ” ಎಂದು ಕಣ್ಣೊರೆಸಿಕೊಂಡಳು. ಕಣ್ಣೊರೆಸಿಕೊಂಡದ್ದು ಪೂರ್ತಿ ನಗುವಿನಿಂದಲೇ ಅಲ್ಲ ಎಂದು ನನಗೆ ಗೊತ್ತು. ಪಕ್ಕದಲ್ಲಿ ಕೂತೆ. ನಾನೂ ನಕ್ಕೆ. ತಪ್ಪಾಯಿತು ಎಂದೂ ಹೇಳಿದೆ.

ಮಾರ್ಚ್ 29, ಶನಿವಾರ

ಕೆಲಸವಿಲ್ಲ. ಅವಳು ಗುಂಡಿ ಹೊಲಿಯುತ್ತಾಳೆ, ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತೇನೆ. ನಾಲ್ಕು ತೂತಿನ ಗುಂಡಿ ಹಾಕುವುದನ್ನೂ ಕಲಿತೆ. ಮೊದಲ ದಿನ ಒಂದು ಶರಟನ್ನು ನನ್ನ ಪಂಚೆಗೇ ಸೇರಿಸಿ ಹೊಲಿದುಬಿಟ್ಟಿದ್ದೆ. ಇವತ್ತು ಎರಡು ಡಜನ್ ಮುಗಿಸಿದೆ. ಎಲ್ಲವೂ ಸಾಲಿನಲ್ಲಿವೆ.

ಏಪ್ರಿಲ್ 2, ಬುಧವಾರ

ಅಂಗಡಿ ಬಂತು. ಎಂಟಲ್ಲ, ಒಂಬತ್ತು ದಿನ ಹಿಡಿಯಿತು. ಆದರೆ ಬಂತು.

ದೀಪಸ್ತಂಭದ ದೊಡ್ಡ ಚಿತ್ರ ಇನ್ನೂ ಗೋಡೆಯ ಮೇಲೆ ತೂಗುತ್ತಿದೆ. ಅದರ ಕೆಳಗೆ ಅಕ್ಕಿ ಮೂಟೆಗಳನ್ನು ಒಟ್ಟಿದ್ದಾರೆ. ನಾನು ಮತ್ತು ನನ್ನವಳು ಏಳು ಗಂಟೆಗೇ ಹೋಗಿ ನಿಂತೆವು. ಪ್ರಾಸಪ್ಪ ಮೊದಲು ನಿಲ್ಲಲಿ ಎಂದು ಇಸ್ತ್ರಿ ಅಕ್ಕ ಹೇಳಿದಳು. ಸಾಲು ಅಂದಮೇಲೆ ಸಾಲು ಎಂದು ನನ್ನವಳು ಒಪ್ಪಲಿಲ್ಲ. ಬೀದಿಗೆ ಬೀದಿಯೇ ಮದುವೆ ಮನೆಯಂತೆ ಗದ್ದಲ ಮಾಡುತ್ತಿತ್ತು. ನನಗೂ ಸಂತೋಷವಾಗಿತ್ತು, ಬಹಳವೇ ಆಗಿತ್ತು.

ನಮ್ಮ ಹಿಂದೆ ಒಬ್ಬ ಮುದುಕಿ ಬಂದು ನಿಂತಳು. ಗುರುತಿನವಳಲ್ಲ. ಬೆವತಿದ್ದಳು, ಡಬ್ಬವನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು. ಎಲ್ಲಿಂದ ಬಂದಿರಿ ಅಜ್ಜಿ ಎಂದು ಕೇಳಿದೆ. ಗೇಟಿನ ಆಚೆಯಿಂದ ಎಂದಳು. ಬೆಳಿಗ್ಗೆ ಎರಡು ರೈಲು ಬಂದವಂತೆ, ಕಾದು ದಾಟಿ ಬಂದಳಂತೆ.

“ಒಂದು ತಿಂಗಳು ನಮಗೆ ಸುಖ ಆಗಿತ್ತಪ್ಪಾ. ಮನೆ ಮುಂದೇನೇ ಅಂಗಡಿ. ಈಗ ಮತ್ತೆ ನಡೀಬೇಕು” ಎಂದಳು. ಅದರಲ್ಲಿ ಕೋಪ ಇರಲಿಲ್ಲ. ಬಿಸಿಲು ಜಾಸ್ತಿಯಾಯಿತು ಎನ್ನುವಂತೆ ಹೇಳಿದಳು. ಆಮೇಲೆ ನನ್ನನ್ನು ದಿಟ್ಟಿಸಿ ನೋಡಿ, “ಅದೇನೋ ಸಾಲು ಕೂಗಿ ಅಂಗಡಿ ತಗೊಂಡು ಬಂದ್ರಂತಲ್ಲ, ಬರೆದವರು ಯಾರು? ಬಲು ಚೆನ್ನಾಗಿ ಬರೆದಿದ್ದಾರಂತೆ” ಎಂದಳು.

ಹೊಗಳಿದರೆ ನಾನು ಸುಮ್ಮನಿರುವವನಲ್ಲ. ಇವತ್ತು ಸುಮ್ಮನಿದ್ದೆ.

ನನ್ನವಳು ಅಜ್ಜಿಯ ಕೈ ಹಿಡಿದು ತನ್ನ ಮುಂದೆ ನಿಲ್ಲಿಸಿಕೊಂಡಳು. ತೂಗುವವನು ಇವತ್ತೂ ಎಣ್ಣೆ ಅರ್ಧವೇ ಬಂದಿದೆ ಎಂದ. ಅಜ್ಜಿಗೆ ಸಿಕ್ಕಿತು. ನಮ್ಮ ಹಿಂದೆ ಹತ್ತು ಜನರಾದ ಮೇಲೆ ಮುಗಿಯಿತು.

ಸಂಜೆ ನನ್ನವಳು ಮೂರು ಶರಟಿಗೆ ಗುಂಡಿ ಹೊಲಿದು ಮುಗಿಸಿದಳು. ಆಮೇಲೆ ಸೂಜಿ ಚುಚ್ಚಿಟ್ಟು, “ಅಂಗಡೀನ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಎಳೆದಾಡೋದಲ್ಲ ರೀ. ಅವರಿಗೂ ಒಂದು ಬೇಕು, ನಮಗೂ ಒಂದು ಬೇಕು. ಎರಡಕ್ಕೂ ಪೂರ್ತಿ ಸಾಮಾನು ಬೇಕು. ನಾಳೆ ನಾನು, ಇಸ್ತ್ರಿ ಅಕ್ಕ ಗೇಟ್ ಆಚೆ ಹೋಗಿ ಅಲ್ಲಿಯವರ ಹತ್ರ ಮಾತಾಡ್ತೀವಿ. ನೀವೂ ಬನ್ನಿ. ಪೆನ್ನು ತಗೊಳ್ಳಿ” ಎಂದಳು.

ಪೆನ್ನು ತೆಗೆದಿಟ್ಟಿದ್ದೇನೆ. ಕಾಗದವನ್ನೂ ಮಡಚಿಟ್ಟಿದ್ದೇನೆ. ಆದರೆ ಒಂದು ಮಾತು ಅವಳಿಗೆ ಸ್ಪಷ್ಟವಾಗಿ ಹೇಳಿದೆ. ನಾನು ಬರೀ ಬರೆಯುವವನು, ಈ ರಾಜಕೀಯ ಗೀಜಕೀಯ ನನಗೆ ಬೇಡ ಎಂದೆ.

“ಗೊತ್ತು ಬಿಡಿ. ಬೆಳಿಗ್ಗೆ ಆರಕ್ಕೆ ರೆಡಿಯಾಗಿರಿ” ಎಂದಳು.